ಕುನ್ನಿಯ ಕಿವಿಗೆ ಕತ್ತರಿ

ಪರರಿಂದ ಕಲಿಯುವದರಲ್ಲಿ ನಮ್ಮವರಿಗೆ ಒಂದು ವಿಚಿತ್ರವಾದ ಜಾಣತನವುಂಟು. ಪಾಶ್ಚಾತ್ಯರು ಯಾವ ರೂಢಿಯನ್ನು ತಪ್ಪೆಂದು ತಿಳಿದು ಬಿಟ್ಟುಕೊಡುವರೋ ಅದನ್ನೇ, ಅವರು ಬಿಟ್ಟ ತರುವಾಯ, ನಾವು ಆದರದಿಂದ ಮನೆಗೆ ಕರೆದುಕೊಳ್ಳುತ್ತೇವೆ. ಇದಕ್ಕೆ ದೊಡ್ಡ ದೊಡ್ಡ ನಿದರ್ಶನಗಳನ್ನು ಕೊಡಬಹುದು. ನಾವು ಇಲ್ಲಿ ಎತ್ತಿಕೊಂಡುದು ಬಹು ಸಣ್ಣದು. ಅದು ನಾಯಿಕುನ್ನಿಯ ಕಿವಿ.

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸಿದ ಗೃಹಸ್ಥರು ಡಾಬರ್ಮನ್ ಕುನ್ನಿಯನ್ನು ತರಿಸಿದರೆ, ಅದಕ್ಕೆ ಹೆಸರಿಡುವದಕ್ಕಿಂತ ಮೊದಲೇ ಕಿವಿಯನ್ನು ಕತ್ತರಿಸಿ ನೆಟ್ಟಗೆ ನಿಲ್ಲಿಸಿಕೊಡುವವರಾರೆಂದು ವಿಚಾರಿಸತೊಡಗುತ್ತಾರೆ. ಹುನಗುಂದ, ಬಾದಾಮಿಗಳ ಹಳ್ಳಿಗಾಡಿನಲ್ಲಿಯಾದರೋ ಬೇರೊಂದು ನಂಬಿಕೆಯಿದೆ: ಕಿವಿ ಕೊಯ್ದರೆ ನಾಯಿ ಚುರುಕಾಗುವದು, ಸಿಟ್ಟಿನದಾಗುವದು. ಪಟ್ಟಣದ ಡೌಲು, ಹಳ್ಳಿಯ ನಂಬಿಕೆ ಇವೆರಡೂ ಕೂಡಿ ಈಗ ನಮ್ಮ ಜಿಲ್ಲೆಯ ಅಭಿಮಾನದ ವಸ್ತುವಾದ ಮುಧೋಳ ನಾಯಿಯ ಮೇಲೆಯೂ ಕೈಮಾಡಿವೆ. ಇದು ನಿಲ್ಲಬೇಕೆಂಬದೇ ನಮ್ಮ ವಾದ.

ಮುಧೋಳ ನಾಯಿಯೆಂದರೇನೆಂಬದನ್ನು ಈ ಜಿಲ್ಲೆಯ ವಾಚಕರಿಗೆ ಹೇಳುವದು ಇಳಕಲ್ಲಿನವರಿಗೆ ಸೀರೆಯ ಸೆರಗನ್ನು ವರ್ಣಿಸಿದಂತೆ. ಆದರೂ ಒಂದೆರಡು ಮಾತು ಬೇಕು. ಬೇಡರ ಬಳಿಯಲ್ಲಿ ಬೇಟೆಗೆ ಇದ್ದ ಈ ಜಾತಿಯನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ ಘೋರ್ಪಡೆಯವರು ಆಶ್ರಯ ಕೊಟ್ಟು ಬೆಳೆಯಿಸಿದರು. ನಮ್ಮ ಅಂಚೆಯ ಇಲಾಖೆಯು 2005ರಲ್ಲಿ ದೇಶೀಯ ನಾಯಿಗಳ ನಾಲ್ಕು ಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಒಂದು ಇದರದಾಗಿತ್ತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. ಸೈನ್ಯದವರು 2016ರಲ್ಲಿ ಇದರ ಮರಿಗಳನ್ನು ತರಬೇತಿಗೆಂದು ಮೀರತ್ತಿಗೆ ಒಯ್ದರು. ಇಷ್ಟು ಕೀರ್ತಿಯು ಅದಕ್ಕೆ ಬಂದುದು ಅದರ ಕಣ್ಣು, ಕಾಲು, ಎದೆಗಳಿಂದ. ಇದು ಕಣ್ಣಿನಿಂದ ಕಂಡು ಓಡುವ ಜಾತಿ. ಉದ್ದ ತಲೆಯ ಎರಡೂ ಪಕ್ಕಕ್ಕೆ ಇಳಿಬಿದ್ದ ತೆಳ್ಳನೆಯ ಕಿವಿಗಳು ಓಡುವಾಗ ಹಿಂದಕ್ಕೆ ಮಡಿದು ಕುತ್ತಿಗೆಗೆ ಅಂಟಿಕೊಳ್ಳುತ್ತವೆ. ಇದರ ಅಂದವನ್ನು ಹೆಚ್ಚಿಸುವೆನೆಂದು ಕತ್ತರಿ ಹಿಡಿಯುವವನು ಐಹೊಳೆಯ ಶಿಲ್ಪಕ್ಕೆ ಉಳಿಯ ಪೆಟ್ಟು ಹಾಕಿ ತಿದ್ದಲು ಹೊರಟವನಂತೆಯೇ ಸರಿ.

ಕತ್ತರಿಸುವ ಬಗೆಯನ್ನು ಇನ್ನು ನೋಡೋಣ. ಹಳ್ಳಿಯಲ್ಲಿ ಅನೇಕ ವೇಳೆ ಕಣ್ಣು ತೆರೆಯದ ಎಳೆಗುಸನ್ನು ತಾಯಿಯ ಮಗ್ಗುಲಿಂದ ಎತ್ತಿಕೊಂಡು, ಬ್ಲೇಡಿನಿಂದಲೋ ಕತ್ತರಿಯಿಂದಲೋ ಕಿವಿಯನ್ನು ಕೊಯ್ದು, ಮೇಲೆ ಒಲೆಯ ಬೂದಿಯನ್ನೋ ಅರಿಶಿನವನ್ನೋ ಮೆತ್ತಿಬಿಡುತ್ತಾರೆ. ನೋವಡಗಿಸುವ ಔಷಧದ ಮಾತೇ ಇಲ್ಲ. ಕಿವಿಯೆಂಬುದು ಬರಿಯ ತೊಗಲಲ್ಲ. ನಡುವೆ ಮೆದುವಾದ ಮೃದ್ವಸ್ಥಿ, ಅದರ ಎರಡೂ ಬದಿಗೆ ರಕ್ತನಾಳಗಳು, ನರಗಳು. ಅದನ್ನು ಅತ್ತಿತ್ತ ತಿರುಗಿಸಲಿಕ್ಕೆ ಹತ್ತಾರು ಸಣ್ಣ ಸ್ನಾಯುಗಳು. ನಾಯಿಯು ತನ್ನ ಅಂಜಿಕೆಯನ್ನು, ಪ್ರೀತಿಯನ್ನು, ಸಿಟ್ಟನ್ನು ಬೇರೆ ನಾಯಿಗೂ ಮನುಷ್ಯನಿಗೂ ತಿಳಿಸುವದು ಬಹುಮಟ್ಟಿಗೆ ಕಿವಿ ಬಾಲಗಳಿಂದಲೇ. ಕಿವಿಗೊಯ್ದ ನಾಯಿ ಸಿಟ್ಟಿನದಾಗಿ ಕಾಣುವದಕ್ಕೆ ಕಾರಣವಿಷ್ಟೇ: ಅದರ ಮನಸ್ಸಿನಲ್ಲಿದ್ದುದನ್ನು ಓದುವ ಅಕ್ಷರಗಳನ್ನು ನಾವು ಅಳಿಸಿರುತ್ತೇವೆ. ಕಾವಲಿನ ಗುಣವು ತಳಿಯಿಂದ, ಸಾಕಣೆಯಿಂದ, ಕಲಿಸುವದರಿಂದ ಬರತಕ್ಕದ್ದು. ಬ್ಲೇಡಿನಿಂದ ಬರುವದಾದರೆ ಓಣಿಯ ಮೂಳಗಿವಿಯ ನಾಯಿಗಳೆಲ್ಲ ಶೂರರಾಗಿರಬೇಕಿತ್ತು.

ಪಟ್ಟಣದಲ್ಲಿ ಇದು ವೈದ್ಯನ ಕೈಯಲ್ಲಿ, ಮೂರ್ಛೆ ಬರಿಸಿ, ಎಂಟು ಹನ್ನೆರಡು ವಾರಗಳ ವಯಸ್ಸಿನಲ್ಲಿ ನಡೆಯುವದೆಂದು ಸಮಾಧಾನ ಹೇಳುತ್ತಾರೆ. ನಿಜ. ಆದರೆ ಎಚ್ಚರವಾದ ಮೇಲಿನ ಕಥೆಯನ್ನು ಯಾರೂ ಹೇಳುವದಿಲ್ಲ. ಹೊಲಿಗೆ ಮಾಯಬೇಕು. ಕಿವಿ ನೆಟ್ಟಗೆ ನಿಲ್ಲುವದಕ್ಕೆ ಆಧಾರ ಕೊಟ್ಟು ಪಟ್ಟಿ ಸುತ್ತಬೇಕು; ಆ ಪಟ್ಟಿಯನ್ನು ಕೆಲವು ದಿನಗಳಿಗೊಮ್ಮೆ ಬಿಚ್ಚಿ ಕಟ್ಟುತ್ತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಕೆರೆದುಕೊಳ್ಳದಂತೆ ಕೊರಳಿಗೆ ದೊಡ್ಡ ಬಿಲ್ಲೆ. ಒದ್ದೆಯಾದರೆ ಕೀವು, ಬಿಗಿಯಾದರೆ ರಕ್ತ ಓಡದೆ ಅಂಚು ಕೊಳೆಯುವದು. ಇಷ್ಟಾದರೂ ಒಂದು ಕಿವಿ ನಿಂತು ಇನ್ನೊಂದು ಬಿದ್ದೇ ಇರುವದುಂಟು! ಕುನ್ನಿಯು ಜನರನ್ನು, ಮಕ್ಕಳನ್ನು, ಲೋಕವನ್ನು ಅಂಜಿಕೆಯಿಲ್ಲದೆ ಅರಿಯಬೇಕಾದ ದಿನಗಳೂ ಇವೇ. ಆ ದಿನಗಳಲ್ಲಿ ಮನುಷ್ಯನ ಕೈಯೆಂದರೆ ನೋವು ಎಂದು ನಾವು ಅದಕ್ಕೆ ಪಾಠ ಹೇಳಿಕೊಡುತ್ತೇವೆ.

ಕುರುಬರ ವಾದವು ಮಾತ್ರ ಬೇರೆ. ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಹೊಲದಲ್ಲಿ ಕುರಿ ತರುಬಿ ಬಯಲಲ್ಲಿ ರಾತ್ರಿ ಕಳೆಯುವವನಿಗೆ ತೋಳವೆಂಬುದು ಪುಸ್ತಕದ ಪ್ರಾಣಿಯಲ್ಲ. ಇಳಿಬಿದ್ದ ಕಿವಿಯನ್ನು ಅದು ಕಚ್ಚಿ ಹಿಡಿಯುವದು, ಕಿವಿಯೇ ಇಲ್ಲದಿದ್ದರೆ ಹಿಡಿತ ಸಿಕ್ಕದು ಎಂದು ಅವನು ಹೇಳುತ್ತಾನೆ. ಯುರೋಪಿನಲ್ಲಿಯೂ ಹಂದಿಬೇಟೆಯ ಗ್ರೇಟ್ ಡೇನ್ ನಾಯಿಗೆ ಇದೇ ಕಾರಣವನ್ನು ಹೇಳುತ್ತಿದ್ದರು. ಆದರೆ ತೋಳವು ಕೊಲ್ಲಲಿಕ್ಕೆ ಹಿಡಿಯುವದು ಗಂಟಲನ್ನು. ಗಂಟಲನ್ನು ಕಾಯಲು ಕಿವಿಯನ್ನು ಕೊಯ್ದು ಫಲವೇನು? ಹಿಮಾಲಯದ ಗದ್ದಿ ಕುರಿಗಾರರು ಚಿರತೆಯ ಭಯಕ್ಕೆ ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಪಟ್ಟಿಯನ್ನು ತೊಡಿಸುತ್ತಾರೆ. ಮೊಳೆ ಜಡಿದ ಅಂಥ ಪಟ್ಟಿಯನ್ನು ನಮ್ಮ ಊರಿನ ಕಮ್ಮಾರನೂ ಮಾಡಿಕೊಟ್ಟಾನು. ಇನ್ನು ನವನಗರದ ಗೇಟಿನೊಳಗೆ ಯಾವ ತೋಳ ಬರುವದೋ ನಾವರಿಯೆವು.

ಕಿವಿ ಕೊಯ್ದರೆ ಕಿವಿಬೇನೆ ಬಾರದೆಂಬದು ಮತ್ತೊಂದು ಮಾತು. ಬೇನೆಯು ಹುಟ್ಟುವದು ಒಳಗಿನ ಬಾಗಿದ ನಾಳದಲ್ಲಿ. ಹೊರಗಿನ ಹಾಳೆಯನ್ನು ಕಿತ್ತರೆ ಆ ನಾಳ ಶುಚಿಯಾಗದು, ಧೂಳಿಗೆ ನೊಣಕ್ಕೆ ಬಾಗಿಲು ಮಾತ್ರ ತೆರೆಯುವದು. ಎತ್ತಿಗೆ ಮೂಗುದಾರ ಹಾಕುವದಿಲ್ಲವೇ ಎಂದು ಕೇಳುವವರಿಗೆ 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯೇ ಉತ್ತರ ಹೇಳುತ್ತದೆ. ಆ ಕಾಯಿದೆಯ 11ನೆಯ ಕಲಮು ಪ್ರಾಣಿಯನ್ನು ಅಂಗಹೀನ ಮಾಡುವದನ್ನು ಅಪರಾಧವೆಂದು ಎಣಿಸಿ, ಕೋಡು ತೆಗೆಯುವದು, ಬೀಜ ಒಡೆಯುವದು, ಬರೆ ಹಾಕುವದು, ಮೂಗುದಾರ ಪೋಣಿಸುವದು ಇವನ್ನು ಗೊತ್ತುಪಡಿಸಿದ ರೀತಿಯಲ್ಲಿ ಮಾಡಲಿಕ್ಕೆ ಹೊರತಾಗಿಟ್ಟಿದೆ. ಆ ಯಾದಿಯಲ್ಲಿ ನಾಯಿಯ ಕಿವಿಯಿಲ್ಲ. ಸಂತಾನಹರಣ ಮಾಡಿದ ಬೀದಿನಾಯಿಯ ಕಿವಿಯನ್ನು ಸರಕಾರದವರೂ ಕತ್ತರಿಸುವರಲ್ಲ ಎಂದು ಜಾಣರು ಕೇಳಬಹುದು. ಅದು ಮೂರ್ಛೆಯಲ್ಲಿರುವಾಗಲೇ ಗುರುತಿಗೆಂದು ಇಡುವ ಒಂದು ಸಣ್ಣ ಕಚ್ಚು. ಆ ನಾಯಿಯನ್ನು ಮತ್ತೊಮ್ಮೆ ಹಿಡಿದು ಕೊಯ್ಯದಿರಲೆಂದು. ಕಾಯಿದೆಯನ್ನು ಹೊಗಳಿದ ಮೇಲೆ ಅದರ ಬಡತನವನ್ನೂ ಹೇಳಬೇಕು: ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ! ಕುನ್ನಿ ಮಾರುವವನು ಅದನ್ನು ಚಹದ ಲೆಕ್ಕದಲ್ಲಿ ಬರೆದುಕೊಂಡಾನು.

ಮಹಾಭಾರತದ ಆದಿಪರ್ವದ ಮೊದಲಲ್ಲಿಯೇ ಒಂದು ಕುನ್ನಿಯ ಮೊರೆಯಿದೆಯೆಂಬದನ್ನು ನಮ್ಮ ಪುರಾಣಪ್ರಿಯರು ಮರೆತಂತಿದೆ. ಕುರುಕ್ಷೇತ್ರದಲ್ಲಿ ಜನಮೇಜಯನ ಸತ್ರಕ್ಕೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದರು. ಹವಿಸ್ಸನ್ನು ನೆಕ್ಕಿರಲಿ, ನೋಡಿಯೂ ಇರಲಿಲ್ಲ. ತಾಯಿ ಸರಮೆಯು ಬಂದು ತನ್ನ ಮಗನ ತಪ್ಪೇನೆಂದು ಕೇಳಿದಾಗ ಅರಸುಮಕ್ಕಳಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಕಾಣದ ಭಯವೊಂದು ನಿಮಗೆ ಬರಲೆಂದು ಅವಳು ಶಪಿಸಿದಳು. ನಮ್ಮ ಕನ್ನಡ ನಾಡಿನ ನಡತೆಯೂ ಹಿಂದೆ ಬೇರೆಯಾಗಿತ್ತು. ತಕ್ಕೋಲದ ಯುದ್ಧವಾದ ಮೇಲೆ ಗಂಗರ ಬೂತುಗನು ಮೆಚ್ಚಿ ಬೇಡಿಕೊಳ್ಳೆನಲು, ಮಣಲೇರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಕಾಳಿಯು ಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಸತ್ತಿತು. ಸುಮಾರು 949-50ರಲ್ಲಿ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲೆಂದು ಬರೆಯಿಸಿದರು. ಮುಧೋಳದ ರನ್ನನು ಹುಟ್ಟಿದ ಕಾಲವೂ ಅದೇ. ಇಂದಿಗೂ ಮೈಲಾರಲಿಂಗನ ಒಗ್ಗಯ್ಯಗಳು ನಾಯಿಗಳಂತೆ ಬೊಗಳಿ ದೇವರ ಸೇವೆ ಮಾಡುವ ನಾಡು ಇದು.

ಇಂಗ್ಲಂಡದ ಕೆನಲ್ ಕ್ಲಬ್ಬಿನವರು ಕಿವಿಗೊಯ್ದ ನಾಯಿಗಳನ್ನು ತಮ್ಮ ಪ್ರದರ್ಶನಗಳಿಂದ 1898ರಲ್ಲಿಯೇ ಹೊರಗಿಟ್ಟರು. ಡಾಬರ್ಮನ್ ನಾಯಿಯ ತವರಾದ ಜರ್ಮನಿಯಲ್ಲಿ 1987ರಿಂದ ಕಿವಿ ಕತ್ತರಿಸುವದು ನಿಷಿದ್ಧ. ಅಮೇರಿಕದಲ್ಲಿ ಪಶುವೈದ್ಯರ ಸಂಘವು ವಿರೋಧಿಸಿದರೂ ರೂಢಿಯು ಉಳಿದಿದೆ. ನಮ್ಮವರ ಕಣ್ಣು ಬಿದ್ದುದು ಅಲ್ಲಿಗೇ. ನಮ್ಮ ಜಿಲ್ಲೆಯಲ್ಲಿ ಎಲ್ಲಿ ನಾಯಿಗಳ ಪ್ರದರ್ಶನ ನಡೆದರೂ ಕಿವಿಗೊಯ್ದ ಮುಧೋಳ ನಾಯಿಗೆ ಬಹುಮಾನವಿಲ್ಲವೆಂದು ಮೊದಲೇ ಸಾರಬೇಕು. ಕೊಳ್ಳುವವರು ಕಿವಿಯಿದ್ದ ಮರಿಯನ್ನೇ ಕೇಳಬೇಕು. ಕೊಯ್ದುದಕ್ಕೆ ಗಿರಾಕಿಯಿಲ್ಲದಾದರೆ ಕೊಯ್ಯುವವನ ಕೈ ತಾನೇ ನಿಲ್ಲುವದು.

ಈಗಾಗಲೇ ಗಾಯಗೊಂಡ ಕುನ್ನಿ ಮನೆಗೆ ಬಂದಿದ್ದರೆ ಅದಕ್ಕೆ ವಾದ ಬೇಡ, ಆರೈಕೆ ಬೇಕು. ಬೂದಿ, ಸುಣ್ಣ, ಸೀಮೆಎಣ್ಣೆಗಳನ್ನು ಹಚ್ಚಕೂಡದು. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೆಲ್ಲಗೆ ತೊಳೆದು, ಒಣಗಿದ ಶುಭ್ರ ಅರಿವೆಯ ಮೇಲೆ, ದನದ ಕೊಟ್ಟಿಗೆಯಿಂದ ದೂರ, ನೊಣ ಬಾರದಲ್ಲಿ ಮಲಗಿಸಬೇಕು. ನೊಣವು ಮೊಟ್ಟೆಯಿಟ್ಟ ಒಂದೇ ದಿನದೊಳಗೆ ಹುಳ ಬೀಳಬಹುದಾದುದರಿಂದ ಗಾಯವನ್ನು ಬೆಳಿಗ್ಗೆ ಸಂಜೆ ನೋಡುತ್ತಿರಬೇಕು. ಮನುಷ್ಯರ ನೋವಿನ ಗುಳಿಗೆಗಳು ನಾಯಿಗೆ ವಿಷವಾಗಬಲ್ಲವು, ಕೊಡಬಾರದು. ಬಾವು, ದುರ್ಗಂಧ, ಹುಳ, ಇಲ್ಲವೆ ಹಾಲು ಕುಡಿಯದಿರುವದು ಕಂಡರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮರಿಯಿನ್ನೂ ಮೊಲೆಯುಣ್ಣುವದಾಗಿದ್ದರೆ ತಾಯಿಯನ್ನೂ ಜೊತೆಗೆ ಒಯ್ಯುವದು ಒಳ್ಳೆಯದು.