ರೇಸಿನ ಮೋಟಾರೂ ನೆರೆಯವರ ಕಿವಿಯೂ

ವೇಗದ ಮೋಟಾರುಗಳನ್ನು ಇಟ್ಟುಕೊಂಡಿರುವ ಮಹನೀಯರ ಬಾಯಲ್ಲಿ ಬಹುಕಾಲದಿಂದ ಒಂದು ದೂರು ಕೇಳಿಬರುತ್ತಿದೆ. ತಾವು ಹಣ ಕಟ್ಟಿ, ರಜೆ ಪಡೆದು, ನೂರಾರು ಮೈಲು ದೂರದಿಂದ ರೇಸಿನ ಪಥಕ್ಕೆ ಬಂದರೆ, ಅಲ್ಲಿಯ ಅಧಿಕಾರಿಯೊಬ್ಬನು ಧ್ವನಿಮಾಪಕವನ್ನು ಹಿಡಿದುಕೊಂಡು ಗಾಡಿಯ ಬೆನ್ನ ಹಿಂದೆ ಬಾಗುತ್ತಾನೆ. ಒಂದು ಅಂಕಿಯನ್ನು ಓದುತ್ತಾನೆ. ‘ಈ ಗಾಡಿ ಇಂದು ಒಳಗೆ ಹೋಗಕೂಡದು’ ಎಂದು ಹಿಂದಕ್ಕೆ ಕಳಿಸುತ್ತಾನೆ. ಗದ್ದಲಕ್ಕೆಂದೇ ಕಟ್ಟಿದ ಸ್ಥಳದಲ್ಲಿ ಗದ್ದಲಕ್ಕೆ ಕಟ್ಟಳೆಯೇ ಎಂದು ಅವರು ಕೇಳುತ್ತಾರೆ. ಮೇಲ್ನೋಟಕ್ಕೆ ಈ ಪ್ರಶ್ನೆಯು ನ್ಯಾಯವಾಗಿಯೇ ತೋರುವುದು. ಆದರೆ ಇಂಗ್ಲಂಡು, ಅಮೇರಿಕ ದೇಶಗಳಲ್ಲಿ ಈ ಕ್ರೀಡೆಯು ನಡೆದುಬಂದ ದಾರಿಯನ್ನು ನೋಡಿದವರಿಗೆ, ಮಾಪಕ ಹಿಡಿದ ಆ ಮನುಷ್ಯನಿಗಿಂತ ರೇಸಿಗೆ ಹೆಚ್ಚು ಬೇಕಾದ ಬಂಧು ಇನ್ನೊಬ್ಬನಿಲ್ಲವೆಂಬುದು ಮನದಟ್ಟಾಗದೆ ಇರದು.

ಮೋಟಾರು ಪಂದ್ಯಕ್ಕಾಗಿಯೇ ನಿರ್ಮಿತವಾದ ಮೊದಲ ಪಥವು ಇಂಗ್ಲಂಡಿನ ಸರ್ರೆ ಪ್ರಾಂತದ ವೇಬ್ರಿಜ್ ಊರಿನ ಬಳಿಯ ಬ್ರೂಕ್‌ಲ್ಯಾಂಡ್ಸ್. ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರನು ತನ್ನ ಸ್ವಂತ ಭೂಮಿಯಲ್ಲಿ ಸ್ವಂತ ಹಣದಿಂದ ಅದನ್ನು ಕಟ್ಟಿಸಿದನು. 1907ರ ಜೂನಿನಲ್ಲಿ ಅದು ತೆರೆಯಿತು. ಅದೇ ತಿಂಗಳ 28, 29ರಂದು ಎಸ್. ಎಫ್. ಎಜ್ ಎಂಬಾತನು ನೇಪಿಯರ್ ಗಾಡಿಯಲ್ಲಿ ಇಪ್ಪತ್ತನಾಲ್ಕು ತಾಸು ಎಡೆಬಿಡದೆ ಸುತ್ತು ಹಾಕಿ ಲೋಕವನ್ನು ಬೆರಗುಗೊಳಿಸಿದನು. ವೇಬ್ರಿಜ್ಜಿನ ಜನರೂ ಆ ರಾತ್ರಿ ಎಚ್ಚರವಾಗಿಯೇ ಇದ್ದರು, ಆದರೆ ಬೆರಗಿನಿಂದಲ್ಲ. ಅವರ ಆಕ್ಷೇಪಣೆಯ ಫಲವಾಗಿ ಅಲ್ಲಿ ರಾತ್ರಿಯ ಓಟವೇ ನಿಂತುಹೋಯಿತು. ಪಥವು ತೆರೆದು ತಿಂಗಳು ತುಂಬುವ ಮೊದಲೇ ದಿನದ ಅರ್ಧ ಭಾಗ ಅದರ ಕೈಬಿಟ್ಟಿತೆಂದರೆ ಅತಿಶಯೋಕ್ತಿಯಾಗದು. ಮುಂದೆ 1929ರಿಂದ 1931ರ ವರೆಗೆ ಇಪ್ಪತ್ತನಾಲ್ಕು ತಾಸಿನ ಪಂದ್ಯವನ್ನು ನಡೆಸಬೇಕಾದಾಗ ಅದನ್ನು ಹಗಲು ಹನ್ನೆರಡು ತಾಸಿನಂತೆ ಎರಡು ದಿನ ಹಂಚಿ, ನಡುವಿನ ರಾತ್ರಿ ಗಾಡಿಗಳನ್ನು ಬೀಗ ಹಾಕಿ ಇಡಬೇಕಾಯಿತು. ‘ಡಬಲ್ ಟ್ವೆಲ್ವ್’ ಎಂಬ ಆ ವಿಚಿತ್ರ ಹೆಸರಿನ ಮೂಲವು ನೆರೆಯವರ ನಿದ್ರೆಯಲ್ಲಿದೆ.

ಇಷ್ಟಕ್ಕೇ ಮುಗಿಯಲಿಲ್ಲ. 1924ರಲ್ಲಿ ನೆರೆಹೊರೆಯವರು ನ್ಯಾಯಾಸ್ಥಾನದ ಮೆಟ್ಟಲು ಹತ್ತಿದರು. ಅದರ ತರುವಾಯ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಓಡುವ ಗಾಡಿಗಳಿಗೆ ಗೊತ್ತುಪಡಿಸಿದ ಅಳತೆಯ ಸೈಲೆನ್ಸರು ಕಡ್ಡಾಯವಾಯಿತು. ಉದ್ದವಾದ ಡಬ್ಬಿಯ ತುದಿಗೆ ಮೀನಿನ ಬಾಲದಂತೆ ಅಗಲಿಸಿದ ಬಾಯಿ. ‘ಬ್ರೂಕ್‌ಲ್ಯಾಂಡ್ಸ್ ಡಬ್ಬಿ’ ಎಂದೇ ಅದಕ್ಕೆ ಹೆಸರಾಯಿತು. ಓಟಗಾರರು ಗೊಣಗಿದರು, ಗಾಡಿಗಳ ಶಕ್ತಿ ಕುಂದುವುದೆಂದರು. ಆದರೆ ಅದೇ ಕಟ್ಟಳೆಯು ಜಾರಿಯಲ್ಲಿದ್ದಾಗಲೇ, 1935ರಲ್ಲಿ, ಜಾನ್ ಕಾಬ್ ಎಂಬಾತನು 24 ಲೀಟರಿನ ನೇಪಿಯರ್-ರೇಲ್ಟನ್ ಗಾಡಿಯನ್ನು ತಾಸಿಗೆ 143 ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿ ಆ ಪಥದ ದಾಖಲೆಯನ್ನು ಸ್ಥಾಪಿಸಿದನು. ಅದು ಕೊನೆಯವರೆಗೂ ಮುರಿಯಲಿಲ್ಲ. ಬ್ರೂಕ್‌ಲ್ಯಾಂಡ್ಸಿನ ಓಟಗಳನ್ನು 1939ರಲ್ಲಿ ನಿಲ್ಲಿಸಿದ್ದು ಯುದ್ಧ, ಸೈಲೆನ್ಸರಲ್ಲ.

ಈ ಕಾಲದ ನ್ಯಾಯತೀರ್ಪುಗಳನ್ನೂ ನಮ್ಮ ವಾಚಕರು ಗಮನಿಸಬೇಕು. ಇಂಗ್ಲಂಡಿನ ಉತ್ತರಕ್ಕೆ ಡಾರ್ಲಿಂಗ್ಟನ್ ಬಳಿ ಕ್ರಾಫ್ಟ್ ಎಂಬ ಪಥವಿದೆ. ಹಿಂದೆ ಅದು ವಿಮಾನದಳದ ನಿಲ್ದಾಣವಾಗಿತ್ತು. ಅದರ ಮಗ್ಗುಲಿನ ಮನೆಯವರು ಹೂಡಿದ ದಾವೆಯಲ್ಲಿ, ಹೆಚ್ಚು ಗದ್ದಲದ ಓಟಗಳು ವರುಷಕ್ಕೆ 40 ದಿನಗಳನ್ನು ಮೀರಕೂಡದೆಂದು ಅಪೀಲು ನ್ಯಾಯಾಲಯವು 2009ರಲ್ಲಿ ವಿಧಿಸಿತು. ಸಫೊಕ್ ಪ್ರಾಂತದ ಮಿಲ್ಡನ್‌ಹಾಲ್ ಬಳಿಯ ಮೊಕದ್ದಮೆಯಂತೂ ಇನ್ನೂ ಬೋಧಪ್ರದವಾಗಿದೆ. ಅಲ್ಲಿಯ ಕ್ರೀಡಾಂಗಣವು 1970ರ ದಶಕದಿಂದ ಇತ್ತು. ಅದರ ಹಿಂಬದಿಯ ಮೋಟಾರುಸೈಕಲ್ ಪಥವು 1992ರಿಂದ ಇತ್ತು. 2006ರಲ್ಲಿ ಅದರ ಸಮೀಪ ಮನೆ ಕೊಂಡವರು ಶಬ್ದದ ಬಗೆಗೆ ದಾವೆ ಹೂಡಿದರು. ಪಥವು ಮೊದಲು ಬಂದಿತು, ಮನೆಯವರು ಆಮೇಲೆ ಬಂದರು ಎಂಬ ವಾದ ಏನಾಯಿತು? ತಾನೇ ಉಪದ್ರವದ ಬಳಿಗೆ ಬಂದನೆಂಬ ಕಾರಣಕ್ಕೆ ಮನೆಯಲ್ಲಿ ವಾಸಿಸುವವನ ಹಕ್ಕು ಕುಂದುವುದಿಲ್ಲ, ಸ್ಥಳೀಯ ಆಡಳಿತದ ಪರವಾನಿಗೆಯೊಂದೇ ಪಥದವರನ್ನು ಕಾಪಾಡಲಾರದು ಎಂಬುದಾಗಿ ಇಂಗ್ಲಂಡಿನ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಮಾನಿಸಿ, ಮೊದಲ ನ್ಯಾಯಾಧೀಶರ ತೀರ್ಪನ್ನು ಎತ್ತಿಹಿಡಿಯಿತು. ಅಮೇರಿಕದ ಕನೆಕ್ಟಿಕಟ್ ಸಂಸ್ಥಾನದ ಲೈಮ್ ರಾಕ್ ಪಥಕ್ಕೆ 1959ರಲ್ಲಿಯೇ ನ್ಯಾಯಾಲಯದ ಆಜ್ಞೆಯಾಗಿ ಭಾನುವಾರದ ಓಟ ನಿಷಿದ್ಧವಾಯಿತು. ಹತ್ತಿರದಲ್ಲಿಯೇ ಒಂದು ಚರ್ಚು ಇದೆ. ಇಂದಿಗೂ ಅಲ್ಲಿ ಭಾನುವಾರ ರೇಸು ನಡೆಯುವುದಿಲ್ಲ. ರೇಸಿಗೆ ಜನ ಸೇರುವ ದಿನವೇ ರೇಸಿಗೆ ಇಲ್ಲವಾಯಿತು.

‘ನಾವು ಮೊದಲು ಬಂದವರು’ ಎಂಬ ವಾದದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಅಗ್ಗದ ಬೆಲೆಗೆ ಸ್ಥಳ ಕೊಂಡು, ಬಂದ ಮರುವರುಷವೇ ಪಥವನ್ನು ಮುಚ್ಚಿಸಲು ಹೊರಡುವವನ ನಡತೆ ಪ್ರಶಂಸನೀಯವೆಂದು ಯಾರೂ ಹೇಳಲಾರರು. ಆದರೆ 1907ರ ವೇಬ್ರಿಜ್ಜಿನವರು ಆಮೇಲೆ ಬಂದವರಾಗಿರಲಿಲ್ಲ. ಯಾರು ಮೊದಲು ಬಂದರೂ ಇಂದಿನ ನ್ಯಾಯಾಲಯವು ಕೇಳುವುದು ಶಬ್ದ ಎಷ್ಟು, ಎಷ್ಟು ದಿನ, ಅದನ್ನು ತಗ್ಗಿಸಲು ನೀವು ಮಾಡಿದ್ದೇನು ಎಂಬುದನ್ನು. ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ಭಾರ ಪಥದ ಒಡೆಯನ ಮೇಲೆ ಬೀಳುತ್ತದೆ. ಆ ಉತ್ತರವು ಸಿದ್ಧವಾಗುವುದು ಮಾತ್ರ ಓಟಗಾರನ ಗಾಡಿಯ ಹಿಂಭಾಗದಲ್ಲಿ.

ಇಲ್ಲಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಅವಶ್ಯ. ಡೆಸಿಬೆಲ್ ಎಂಬುದು ಸೇರು ಮಣಗಳಂತೆ ಕೂಡಿಸಿಕೊಂಡು ಹೋಗುವ ಅಳತೆಯಲ್ಲ, ಗುಣಿಸಿಕೊಂಡು ಹೋಗುವ ಅಳತೆ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿಯು ಇಮ್ಮಡಿಯಾಗುತ್ತದೆ. 10 ಏರಿದರೆ ಹತ್ತು ಮಡಿಯಾಗುತ್ತದೆ. ಕಿವಿಗಾದರೋ ಹತ್ತು ಮಡಿಯೂ ಸುಮಾರು ಎರಡರಷ್ಟಾಗಿ ಮಾತ್ರ ಕೇಳಿಸುತ್ತದೆ. ಆದುದರಿಂದ ‘ಮಿತಿಗಿಂತ ಮೂರೇ ಹೆಚ್ಚು, ಬಿಟ್ಟುಬಿಡಿ’ ಎಂದು ಅಂಗಲಾಚುವವನು ಒಂದು ಗಾಡಿಯ ಪಾಲಿನಲ್ಲಿ ಎರಡು ಗಾಡಿಗಳ ಶಬ್ದವನ್ನು ಒಳಗೆ ತರಲು ಕೇಳುತ್ತಿದ್ದಾನೆ. ಇನ್ನೊಂದು ಉದಾಹರಣೆ: ಹೊಗೆಕೊಳವೆಯ ತುದಿಯಿಂದ ಅರ್ಧ ಮೀಟರು ದೂರದಲ್ಲಿ 105 ಡೆಸಿಬೆಲ್ ಇರುವ ಗಾಡಿಯನ್ನು ಭಾವಿಸೋಣ. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಶಬ್ದವು 6ರಷ್ಟು ಇಳಿಯುವುದರಿಂದ, ಅರ್ಧ ಕಿಲೋಮೀಟರು ಆಚೆಗೆ ಅದು 45ಕ್ಕೆ ಬರುತ್ತದೆ. ಪರವಾಗಿಲ್ಲವೆನ್ನಿಸುವುದು. ಆದರೆ ಇಂಥ ಇಪ್ಪತ್ತು ಗಾಡಿಗಳು ಒಟ್ಟಿಗೆ ಹೊರಟರೆ 13 ಕೂಡಿ 58 ಆಗುತ್ತದೆ. ಅದೂ ನಿಂತ ಗಾಡಿಯ ಲೆಕ್ಕ. ಪೂರ್ಣ ಬಲದಿಂದ ಏರು ಹತ್ತುವ ಗಾಡಿಯ ಅಬ್ಬರ ಬೇರೆಯೇ. ಗಾಳಿಯು ಮನೆಗಳ ಕಡೆಗೆ ಬೀಸಿದರೆ, ಅಥವಾ ತಂಪು ಹೊತ್ತಿನಲ್ಲಿ ನೆಲದ ಮೇಲಿನ ಗಾಳಿಯು ಮೇಲಿನದಕ್ಕಿಂತ ಶೀತವಾಗಿದ್ದರೆ, ಶಬ್ದವು ಆಕಾಶಕ್ಕೆ ಹೋಗದೆ ಬಾಗಿ ನೆಲಕ್ಕೇ ಇಳಿಯುತ್ತದೆ. ಬೆಳಗಿನ ಹೊತ್ತು ದೂರದ ರೈಲಿನ ಸದ್ದು ಹತ್ತಿರ ಕೇಳಿಸುವುದನ್ನು ನಮ್ಮ ಹಳ್ಳಿಗರು ಬಲ್ಲರು.

ಹೀಗಿರಲು, ಶಬ್ದವನ್ನು ತಗ್ಗಿಸುವುದು ಅಸಾಧ್ಯವೇ? ಸರ್ವಥಾ ಅಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಸಲ ಬಿಸಿ ಅನಿಲದ ಹೊಡೆತವನ್ನು ಕೊಳವೆಯೊಳಕ್ಕೆ ಕಳಿಸುತ್ತದೆ. ಈ ಹೊಡೆತಗಳನ್ನು ಶಮನಗೊಳಿಸುವ ಮಾರ್ಗಗಳು ಮುಖ್ಯವಾಗಿ ಎರಡು. ತೂತುಗಳುಳ್ಳ ಕೊಳವೆಯ ಸುತ್ತ ಗಾಜಿನ ಎಳೆಯನ್ನೋ ಕಲ್ಲಿನ ಎಳೆಯನ್ನೋ ತುಂಬಿ ಶಬ್ದವನ್ನು ಹೀರಿಸುವುದು ಒಂದು. ಇದರಲ್ಲಿ ಅನಿಲವು ನೇರವಾಗಿ ಸಾಗುವುದರಿಂದ ಎಂಜಿನ್ನಿನ ಬಲಕ್ಕೆ ವಿಶೇಷ ಹಾನಿಯಿಲ್ಲ. ಡಬ್ಬಿಯಲ್ಲಿ ಕೋಣೆಗಳನ್ನು ಮಾಡಿ, ಇಲ್ಲವೆ ಒಂದು ಕುರುಡು ಕವಲನ್ನು ಜೋಡಿಸಿ, ಶಬ್ದದ ಅಲೆಯನ್ನು ಮರಳಿ ಬಂದ ಅಲೆಯಿಂದಲೇ ತೊಡೆದುಹಾಕುವುದು ಇನ್ನೊಂದು. ಮೇಲೆ ಹೇಳಿದ 200ರ ಸ್ವರಕ್ಕೆ, ಬಿಸಿ ಅನಿಲದಲ್ಲಿ ಶಬ್ದವು ಸೆಕೆಂಡಿಗೆ 500 ಮೀಟರು ಹೋಗುವುದೆಂದು ಹಿಡಿದರೆ, ಆ ಕವಲಿನ ಉದ್ದ ಸುಮಾರು 62 ಸೆಂಟಿಮೀಟರು. ಹೀರುವ ವಿಧಾನವು ತಾರಸ್ವರವನ್ನೂ ಕವಲಿನ ವಿಧಾನವು ಮಂದ್ರಸ್ವರವನ್ನೂ ಹಿಡಿಯುವುದರಲ್ಲಿ ಸಮರ್ಥವಾಗಿವೆ. ಬಲ್ಲ ಕಮ್ಮಾರನು ಎರಡನ್ನೂ ಸೇರಿಸುತ್ತಾನೆ. ದೊಡ್ಡ ಡಬ್ಬಿ, ತಕ್ಕ ಎಳೆ, ಸೋರದ ಬೆಸುಗೆ: ಇಷ್ಟು ಬೇಕು. ಎಳೆಯು ಬಿಸಿಗೆ ಸುಟ್ಟು, ಅನಿಲದ ರಭಸಕ್ಕೆ ಚೂರುಚೂರಾಗಿ ಹೊರಗೆ ಹಾರಿಹೋಗುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಹೋದ ವರುಷ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಾಡಿ ಈ ವರುಷ ಫೇಲಾಗುವುದಕ್ಕೆ ಮಾಪಕದ ದ್ವೇಷ ಕಾರಣವಲ್ಲ, ಬರಿದಾದ ಡಬ್ಬಿ ಕಾರಣ.

ಮಾರ್ಗವಿದ್ದೂ ಉಪಾಯವನ್ನು ಹುಡುಕುವವರ ವಿಷಯದಲ್ಲಿ ನಮಗೆ ಕನಿಕರವಿಲ್ಲ. ಕ್ಯಾಲಿಫೋರ್ನಿಯದ ಮಾಂಟೆರೆ ಬಳಿ, 1957ರಲ್ಲಿ ಕಟ್ಟಿದ ಲಗೂನಾ ಸೆಕಾ ಎಂಬ ಪ್ರಸಿದ್ಧ ಪಥವಿದೆ. ಪಥದಿಂದ 50 ಅಡಿ ದೂರದಲ್ಲಿ ಮಾಪಕವನ್ನಿಟ್ಟು, ವರುಷದ ಹಲವು ದಿನಗಳಲ್ಲಿ 90 ಅಥವಾ 92 ಡೆಸಿಬೆಲ್ಲಿನ ಮಿತಿಯನ್ನು ಅಲ್ಲಿ ಜಾರಿಗೊಳಿಸುತ್ತ ಬಂದಿದ್ದಾರೆ. ಇದರ ಫಲವಾಗಿ ಓಟಗಾರರಲ್ಲಿ ಒಂದು ವಿದ್ಯೆಯೇ ಬೆಳೆದಿದೆ. ಮಾಪಕವಿರುವ ಮಗ್ಗುಲಿಗೆ ವಿರುದ್ಧವಾಗಿ ಕೊಳವೆಯ ತುದಿಯನ್ನು ಬಾಗಿಸುವ ತಾತ್ಕಾಲಿಕ ತುಂಡನ್ನು ಸಿಕ್ಕಿಸಿಕೊಳ್ಳುವುದು. ಮಾಪಕದ ಮುಂದೆ ಬಂದಾಗ ಕಾಲನ್ನು ಸಡಿಲಿಸಿ, ದಾಟಿದೊಡನೆ ಮತ್ತೆ ಒತ್ತುವುದು. ಕಾಲು ಸಡಿಲಿಸುವವನು ಆ ಕ್ಷಣಕ್ಕಾದರೂ ಸದ್ದನ್ನು ಇಳಿಸುತ್ತಾನೆ. ಕೊಳವೆಯನ್ನು ಆಚೆ ತಿರುಗಿಸುವವನು ಸದ್ದನ್ನು ಇಳಿಸಲೇ ಇಲ್ಲ. ಆಚೆಯ ಮಗ್ಗುಲಿನ ಮನೆಗೆ ರವಾನಿಸಿದನು. ಈಚಿನ ಹಲವು ವೇಗದ ಗಾಡಿಗಳಲ್ಲಿ ಕೊಳವೆಯೊಳಗೆ ಒಂದು ಮುಚ್ಚಳವಿದ್ದು, ನಿಂತಾಗ ಮುಚ್ಚಿಕೊಂಡು, ಓಟದ ಭರದಲ್ಲಿ ತೆರೆದುಕೊಂಡು ಸೈಲೆನ್ಸರನ್ನೇ ಬಳಸಿ ಹೋಗುವ ಏರ್ಪಾಡಿದೆ. ನಿಂತಲ್ಲಿನ ಪರೀಕ್ಷೆಯಲ್ಲಿ ಸಾಧುವಾಗಿದ್ದ ಗಾಡಿಯು ಪಥದ ಮೇಲೆ ಗರ್ಜಿಸುವುದು ಹೀಗೆ. ನಿಂತಲ್ಲಿ ಒಮ್ಮೆ, ಓಡುವಾಗ ಮತ್ತೊಮ್ಮೆ ಅಳೆಯುವ ಪದ್ಧತಿಯು ಹುಟ್ಟಿದುದಕ್ಕೆ ಇಂಥ ಜಾಣತನವೂ ಒಂದು ಕಾರಣವಾಗಿದೆ.

ಪಥದ ಒಡೆಯರ ಮೇಲೂ ಹೊಣೆಯಿದೆ. ಒಂದು ಕಡೆ ಅರ್ಧ ಮೀಟರಿನ ದೂರದಿಂದ, ಕೊಳವೆಗೆ 45 ಅಂಶದ ಕೋನದಲ್ಲಿ ಅಳೆಯುತ್ತಾರೆ. ಇನ್ನೊಂದು ಕಡೆ ಪಥದ ಅಂಚಿನಿಂದ 20 ಮೀಟರಿಗೆ, ಮತ್ತೊಂದು ಕಡೆ 50 ಅಡಿಗೆ. ಎಲ್ಲಿಂದ, ಹೇಗೆ, ಎಂಜಿನ್ನಿನ ಎಷ್ಟು ಸುತ್ತಿನಲ್ಲಿ ಎಂಬುದನ್ನು ಹೇಳದೆ ‘ಮಿತಿ ಇಷ್ಟು’ ಎಂದು ಬರಿಯ ಅಂಕಿಯನ್ನು ಹೊರಡಿಸುವುದು ಓಟಗಾರನಿಗೆ ಅನ್ಯಾಯ. ಹಣ ಕಟ್ಟಿಸಿಕೊಳ್ಳುವ ಮೊದಲೇ ಇವೆಲ್ಲವನ್ನೂ ಸ್ಪಷ್ಟಪಡಿಸತಕ್ಕದ್ದು. ಸಣ್ಣ ಗಾಡಿಯವನನ್ನು ಹಿಂದಕ್ಕೆ ಕಳಿಸಿ, ಹೆಸರಾಂತ ಗಾಡಿಯವನು ಬಂದಾಗ ಮಾಪಕವನ್ನು ಜೇಬಿಗೆ ಹಾಕಿಕೊಳ್ಳುವುದಂತೂ ಕೂಡದು. ಇದಲ್ಲದೆ, ಮಾಪಕವು ಮನುಷ್ಯನ ಕಿವಿಯ ಕ್ರಮವನ್ನನುಸರಿಸಿ ಮಂದ್ರ ಸ್ವರಗಳನ್ನು ಕಡಿಮೆಯಾಗಿ ಲೆಕ್ಕಹಾಕುತ್ತದೆ. ಆದರೆ ಗೋಡೆಯನ್ನು ತೂರಿ ಮನೆಯೊಳಕ್ಕೆ ಬರುವುದು ಮುಖ್ಯವಾಗಿ ಅದೇ ಮಂದ್ರದ ಗುಂಯ್‌ಗಾಟ. ಆದ್ದರಿಂದ ಮಾಪಕದ ಅಂಕಿಯ ಜೊತೆಗೆ, ನೆರೆಯ ಮನೆಯ ಬಾಗಿಲಲ್ಲಿ ನಿಂತು ಕೇಳುವ ಅಭ್ಯಾಸವನ್ನೂ ಪಥದವರು ಇಟ್ಟುಕೊಳ್ಳುವುದು ಲೇಸು.

ಇದು ಪರದೇಶದ ಶ್ರೀಮಂತರ ಜಗಳ, ನಮಗೇನೆಂದು ಯಾರಾದರೂ ಕೇಳಬಹುದು. ಬೆಂಗಳೂರಿನ ಎಷ್ಟೋ ತರುಣರು ರೇಸಿಗಾಗಿ ಕೊಯಮತ್ತೂರಿನ ಕರಿ ಪಥಕ್ಕೂ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಪಥಕ್ಕೂ ಹೋಗುತ್ತಾರೆ. ಅದು ಸರಿಯಾದ ದಾರಿ; ಪ್ರೋತ್ಸಾಹಕ್ಕೆ ಅರ್ಹವಾದದ್ದು. ಆದರೆ ಸೈಲೆನ್ಸರನ್ನು ಕಿತ್ತು ಊರ ಬೀದಿಯನ್ನೇ ಪಥವಾಗಿ ಮಾಡಿಕೊಂಡವರೂ ಇದ್ದಾರೆ. ಅಂಥವರಿಂದ ವಶಪಡಿಸಿಕೊಂಡ ಕೊಳವೆಗಳನ್ನು ನಮ್ಮ ಪೊಲೀಸರು ರೋಡ್ ರೋಲರಿನ ಕೆಳಗೆ ಹಾಕಿ ಅರೆಯಿಸಿದ್ದುಂಟು. 2000ದ ಶಬ್ದನಿಯಂತ್ರಣ ನಿಯಮಗಳು ವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳನ್ನು ಗೊತ್ತುಪಡಿಸಿವೆ. ಮೇಲೆ ನಾವು ಲೆಕ್ಕ ಹಾಕಿದ ಒಂಟಿ ಗಾಡಿಯು ಅರ್ಧ ಕಿಲೋಮೀಟರು ಆಚೆಗೆ ಹೋದ ಮೇಲೆಯೇ ರಾತ್ರಿಯ ಆ ಮಿತಿಗೆ ಬಂದು ಮುಟ್ಟುತ್ತದೆ; ನಮ್ಮ ಬೀದಿಗಳಲ್ಲಿ ಕೊಳವೆಗೂ ಕಿಟಕಿಗೂ ನಡುವೆ ಹತ್ತು ಅಡಿಯೂ ಇಲ್ಲ. ಪಥದ ಬಾಗಿಲಲ್ಲಿ ಸೋತು ಹಿಂದಿರುಗುವ ಗಾಡಿಯನ್ನು ಅದೇ ಸ್ಥಿತಿಯಲ್ಲಿ ಊರೊಳಗೆ ಓಡಿಸಿಕೊಂಡು ಬರಲು ನಮ್ಮ ತರುಣರಿಗೆ ಅವಕಾಶವಿರಕೂಡದು. ಮುಂದೆ ನಮ್ಮ ನಾಡಿನಲ್ಲಿ ಯಾರಾದರೂ ದೊಡ್ಡ ಪಥವೊಂದನ್ನು ಕಟ್ಟಿಸಲು ಹೊರಟರೆ, ಮೊದಲ ಕಂಬ ನೆಡುವ ಮುನ್ನವೇ ಸುತ್ತಲ ಹಳ್ಳಿಗಳ ಪ್ರಮುಖರನ್ನು ಕರೆದು, ಎಷ್ಟು ದಿನ, ಎಷ್ಟು ಹೊತ್ತು, ಎಷ್ಟು ಶಬ್ದ ಎಂಬ ಮೂರನ್ನೂ ಬರವಣಿಗೆಯಲ್ಲಿ ಒಪ್ಪಿಕೊಂಡು, ಆ ಕರಾರನ್ನು ಪಂಚಾಯತಿಯ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕುವಂತಾಗಲಿ.