ಬೆಸುಗೆ ಯಂತ್ರದ ಬಾಡಿಗೆಯೂ ಬೆಸುಗೆಯವನ ಜೀವವೂ

ತುಂಗಭದ್ರೆಯ ಕಾಲುವೆ ಸೀಮೆಯಲ್ಲಿ, ಗಂಗಾವತಿ, ಕಾರಟಗಿ, ಸಿಂಧನೂರುಗಳ ಅಕ್ಕಿ ಗಿರಣಿಗಳಲ್ಲಿ, ಸುಗ್ಗಿ ಬಂತೆಂದರೆ ದುರಸ್ತಿಯ ಕೆಲಸಕ್ಕೆ ಬಿಡುವಿಲ್ಲ. ಎಲಿವೇಟರಿನ ಕಾಲು ಮುರಿಯುತ್ತದೆ, ಭತ್ತ ನೆನೆಸುವ ತೊಟ್ಟಿ ಸೋರುತ್ತದೆ, ಗೋದಾಮಿನ ತಗಡಿಗೆ ಆಧಾರ ಕೊಡಬೇಕಾಗುತ್ತದೆ. ಕರೆಂಟಿಲ್ಲದ ಕಡೆಗೆ ಇಂಜಿನ್ನಿನಿಂದ ನಡೆಯುವ ವೆಲ್ಡಿಂಗ್ ಸೆಟ್ಟನ್ನು ಬಾಡಿಗೆಗೆ ತರಿಸುವುದು ವಾಡಿಕೆ. ಅಂಗಡಿಗೆ ಶೆಡ್ಡು ಹಾಕಿಸುವ ವರ್ತಕರೂ, ಟ್ರೇಲರು ಮುರಿದ ರೈತರೂ ಅದನ್ನೇ ಕರೆಸುತ್ತಾರೆ. ಈ ಯಂತ್ರದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಯಂತ್ರದಿಂದ ಅನಾಹುತವಾದಾಗ ಹೊರಡುವ ಮಾತು ಎಲ್ಲ ಕಡೆಯೂ ಒಂದೇ: “ಕೆಲಸಗಾರನ ಅಜಾಗರೂಕತೆ.” ಈ ಮಾತನ್ನು ನಾವು ಒಪ್ಪುವುದಿಲ್ಲ. ಒಂದು ದಿನದ ಬಾಡಿಗೆಯಲ್ಲಿ ಎರಡು ದಿನದ ಕೆಲಸ ತೆಗೆಯಬೇಕೆಂಬ ಆತುರ ಯಾರದು? ಎಲ್ಲರಿಗಿಂತ ಕಡಿಮೆ ದರ ಹೇಳಿದವನಿಗೇ ಕೆಲಸ ಕೊಡುವ ಪದ್ಧತಿ ಯಾರದು? ಜಾಗರೂಕತೆಗೆ ಹೊತ್ತು ಬೇಕು, ಸಾಮಾನು ಬೇಕು. ಎರಡನ್ನೂ ದರದಿಂದ ಕಳೆದ ಮೇಲೆ ಕೆಲಸಗಾರನೊಬ್ಬನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಸಾಗಣೆಯಿಂದಲೇ ಅಪಾಯ ಆರಂಭವಾಗುತ್ತದೆ. ಸಾಮಾನ್ಯವಾಗಿ 200ರಿಂದ 500 ಕಿಲೊ ತೂಗುವ ಯಂತ್ರವನ್ನು ಗೂಡ್ಸ್ ಗಾಡಿಗೆ ಏರಿಸಿ, ಒಂದೇ ಹಗ್ಗ ಬಿಗಿದು, ಅದರ ಪಕ್ಕದಲ್ಲೇ ಇಬ್ಬರು ಹುಡುಗರನ್ನು ಕೂರಿಸಿ ಕಳುಹಿಸುವುದನ್ನು ದಿನವೂ ಕಾಣುತ್ತೇವೆ. ಗಾಡಿ ಗಕ್ಕನೆ ನಿಂತರೆ ಯಂತ್ರ ನಿಲ್ಲುವುದಿಲ್ಲ. ಅದನ್ನು ನಾಲ್ಕೂ ಮೂಲೆಗಳಿಂದ ಸರಪಣಿಯಲ್ಲಿ ಬಿಗಿಯಬೇಕು. ಜನ ಅದರ ಜತೆಯಲ್ಲಿ ಕೂರಕೂಡದು. ಇಂಜಿನ್ನು ಆರಿಸಿ, ಎಣ್ಣೆಯ ನಲ್ಲಿ ಮುಚ್ಚಿ, ಬ್ಯಾಟರಿಯ ಋಣ ತಂತಿ ಬಿಚ್ಚಿಡಬೇಕು. ಟ್ಯಾಂಕನ್ನು ಬಾಯಿಮಟ್ಟ ತುಂಬಿದರೆ ಬಿಸಿಲಿಗೆ ಎಣ್ಣೆ ಹಿಗ್ಗಿ ಹೊರಚೆಲ್ಲುತ್ತದೆ. ಆಕ್ಸಿಜನ್ ಸಿಲಿಂಡರೂ ಜತೆಯಲ್ಲಿದ್ದರೆ ಮುಚ್ಚಳ ಹಾಕಿ, ನಿಲ್ಲಿಸಿ, ಬೇರೆಯಾಗಿ ಕಟ್ಟಬೇಕು. ಗಾಲಿಯ ಮೇಲಿನ ಯಂತ್ರವನ್ನು ಎಳೆದೊಯ್ಯುವುದಾದರೆ ಒಟ್ಟು ಭಾರದ ಹತ್ತರಲ್ಲೊಂದು ಪಾಲಾದರೂ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಹಿಂಭಾರವಾದರೆ ಯಂತ್ರ ರಸ್ತೆಯಲ್ಲಿ ಬಾಲದಂತೆ ಓಲಾಡುತ್ತದೆ. ಕೊಂಡಿ ಕಳಚಿದರೂ ಹಿಡಿದಿಡಲು ಎರಡು ಸರಪಣಿಗಳು ಅಡ್ಡಡ್ಡವಾಗಿ ಇರಲೇಬೇಕು.

ಕೆಲಸದ ಸ್ಥಳದಲ್ಲಿ ಕಣ್ಣಿಗೆ ಕಾಣದ ಶತ್ರು ಇಂಜಿನ್ನಿನ ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂಡಬೇಕಾದ ಜಾಗವನ್ನು ಅದು ಪ್ರಾಣವಾಯುವಿಗಿಂತ 200 ಪಾಲಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಎದ್ದು ಹೊರಗೆ ಬರಬೇಕೆಂಬ ಬುದ್ಧಿಯೇ ಉಳಿಯುವುದಿಲ್ಲ. ಮಳೆಯೆಂದೋ ಕಳ್ಳರ ಭಯವೆಂದೋ ಯಂತ್ರವನ್ನು ಗೋದಾಮಿನೊಳಗೆ ಇಟ್ಟು ನಡೆಸುವುದು ಕೊಲೆಗೆ ಸಮಾನ. ಬಾಗಿಲು ತೆರೆದಿದ್ದರೂ ಸಾಲದು. ಯಂತ್ರ ಬಯಲಿನಲ್ಲಿರಲಿ, ಹೊಗೆ ಗಾಳಿಯ ಜಾಡಿನಲ್ಲಿ ಜನರಿಂದ ದೂರ ಹೋಗಲಿ, ಕೇಬಲ್ಲು ಮಾತ್ರ ಒಳಗೆ ಬರಲಿ. ಎಣ್ಣೆ ಹಾಕುವಾಗ ಇಂಜಿನ್ನು ನಿಂತು ತಣಿದಿರಬೇಕು.

ಬೆಸುಗೆಯ ಹೊಗೆಯೂ ಸಾಧಾರಣದ್ದಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಇಂಜಿನ್ನಿನ ಹೊಗೆಯನ್ನೂ 2017ರಲ್ಲಿ ಬೆಸುಗೆಯ ಹೊಗೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ ಬೆಸುಗೆಯವನು ಎರಡನ್ನೂ ಒಂದೇ ಉಸಿರಿನಲ್ಲಿ ಕುಡಿಯುತ್ತಾನೆ. ಸತುವಿನ ಲೇಪವಿರುವ ತಗಡನ್ನು ಬೆಸೆದ ರಾತ್ರಿ ಚಳಿಜ್ವರ ಬಂದರೆ ಬೆಲ್ಲ ತಿಂದು, ಹಾಲು ಕುಡಿದು ಮಲಗುವವರಿದ್ದಾರೆ. ಬೆಲ್ಲವೂ ಹಾಲೂ ಆ ಹೊಗೆಗೆ ಮದ್ದಲ್ಲ. ಗಾಳಿಯಾಡುವ ಜಾಗ, ಹೊಗೆ ತಡೆಯುವ ಮಾಸ್ಕು, ಇವು ಮದ್ದು.

ರಾಡು ಬೆಸೆಯುತ್ತಿಲ್ಲದಾಗಲೂ ಹೋಲ್ಡರಿನಲ್ಲಿ 80 ವೋಲ್ಟಿನಷ್ಟು ಒತ್ತಡ ನಿಂತಿರುತ್ತದೆ. ಬೆವರಿನಲ್ಲಿ ತೊಯ್ದ ಅಂಗಿ, ಒದ್ದೆ ನೆಲ, ಸುತ್ತ ಕಬ್ಬಿಣದ ತೊಟ್ಟಿ, ಇವು ಸೇರಿದರೆ ಪ್ರಾಣ ತೆಗೆಯಲು ಅಷ್ಟು ಸಾಕು. ಹರಿದ ಕೇಬಲ್ಲಿಗೆ ಬಟ್ಟೆ ಸುತ್ತಿ ದಿನ ನೂಕುವುದು ಉಳಿತಾಯವಲ್ಲ.

ಅಕ್ಕಿ ಗಿರಣಿಗೆ ವಿಶೇಷವಾದ ಅಪಾಯ ಬೆಂಕಿಯದು. ಹೊಟ್ಟಿನ ರಾಶಿಗೆ ಬಿದ್ದ ಕಿಡಿ ಆಗಲೇ ಉರಿಯುವುದಿಲ್ಲ. ಒಳಗೊಳಗೇ ಬೆಂದು, ಪಾಳಿ ಮುಗಿದು ಜನ ಮನೆ ಸೇರಿದ ಮೇಲೆ ಏಳುತ್ತದೆ. ಬೆಸುಗೆಯ ಸುತ್ತ 35 ಅಡಿ ಹೊಟ್ಟು, ಧೂಳು, ಗೋಣಿಚೀಲ ಇರಕೂಡದು. ನೀರು, ಮರಳು, ಬೆಂಕಿ ಆರಿಸುವ ಸಿಲಿಂಡರು ಕೈಗೆಟುಕುವಂತಿರಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆ ಒಬ್ಬನು ಕಾವಲಿರಬೇಕು. ಆ ಗಂಟೆಗೂ ಅವನಿಗೆ ಕೂಲಿ ಸಲ್ಲಬೇಕು. ಎಣ್ಣೆ ಖಾಲಿಯಾದ ಪೀಪಾಯಿಯನ್ನು ಖಾಲಿಯೆಂದು ನಂಬಿ ರಾಡು ಹಚ್ಚುವುದಂತೂ ಬಾಂಬಿಗೆ ಕಿಡಿ ಇಟ್ಟಂತೆ, ಏಕೆಂದರೆ ಒಳಗೆ ಉಳಿದ ಆವಿಯೇ ಸಿಡಿಯುತ್ತದೆ.

ಇದು ನಾವು ಹೊಸದಾಗಿ ಹೇಳುವ ಮಾತಲ್ಲ. ಉರಿಯುವ ವಸ್ತುವಿದ್ದ ಟ್ಯಾಂಕನ್ನು ಅದರ ಆವಿ ತೆಗೆಯದೆ ಬೆಸೆಯಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 37ನೆಯ ಕಲಮೇ ಹೇಳಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಕಡೆ 10 ಜನ ಕಾರ್ಮಿಕರಿದ್ದರೆ ಹಳೆಯ ಕಾಯ್ದೆಯ ಕಣ್ಣಿಗೆ ಅದು ಕಾರ್ಖಾನೆ. ಹೊಸ ಸಂಹಿತೆಯ ಕಣ್ಣಿಗೆ 20 ಜನ ಬೇಕು. 12 ಜನರ ಗಿರಣಿ ಈಗ ಕಾರ್ಖಾನೆಯಲ್ಲವಂತೆ! ಅಲ್ಲಿಯ ಹೊಟ್ಟು ಮಾತ್ರ ಮೊದಲಿನಂತೆಯೇ ಉರಿಯುತ್ತದೆ. ಇಬ್ಬರು ಮೂವರು ಕೂಡಿ ನಡೆಸುವ ವೆಲ್ಡಿಂಗ್ ಅಂಗಡಿ ಮೊದಲೂ ಆ ಲೆಕ್ಕದ ಹೊರಗಿತ್ತು, ಈಗಲೂ ಹೊರಗಿದೆ. ಕಾನೂನಿನ ಕೈ ಮುಟ್ಟದ ಕಡೆ ನಮ್ಮ ಸಂಘಟನೆಯ ಕೈ ಮುಟ್ಟಬೇಕು.

“ಇಷ್ಟೆಲ್ಲ ಮಾಡಿದರೆ ನನ್ನ ದರ ಏರುತ್ತದೆ, ಕೆಲಸ ಪಕ್ಕದವನ ಪಾಲಾಗುತ್ತದೆ” ಎನ್ನುವ ಸಣ್ಣ ಅಂಗಡಿಯವನ ಅಳಲು ಸುಳ್ಳಲ್ಲ. ಅವನೂ ಶ್ರಮಜೀವಿಯೇ, ಬೆಳಿಗ್ಗೆ ಮಾಲಿಕ, ಮಧ್ಯಾಹ್ನ ಕೂಲಿ. ಅವನೊಬ್ಬನೇ ನಿಯಮ ಪಾಲಿಸಿದರೆ ನಷ್ಟ ಅವನಿಗೇ. ಊರಿನವರೆಲ್ಲ ಪಾಲಿಸಿದರೆ ಯಾರಿಗೂ ನಷ್ಟವಿಲ್ಲ. ಆದುದರಿಂದ ವೆಲ್ಡಿಂಗ್ ಅಂಗಡಿಗಳವರು ಒಟ್ಟಾಗಿ ಕುಳಿತು ಸರಪಣಿ, ಉದ್ದ ಕೇಬಲ್ಲು, ಮಾಸ್ಕು, ಕಾವಲಿನ ಗಂಟೆ, ಎಲ್ಲವನ್ನೂ ಸೇರಿಸಿದ ಸಮಾನ ದರವೊಂದನ್ನು ಕಟ್ಟಬೇಕು. ವರ್ತಕ ಬಂಧುಗಳು ಆ ದರವನ್ನು ಚೌಕಾಶಿ ಮಾಡದೆ ಕೊಡಬೇಕು. ಗೋದಾಮು ಸುಟ್ಟರೆ ಸುಡುವುದು ಅವರ ಸರಕೇ. ಗಿರಣಿ ಕಾರ್ಮಿಕರು ಹೊಟ್ಟು ಸರಿಸದ ಜಾಗದಲ್ಲಿ ಬೆಸುಗೆ ನಡೆಯಲು ಬಿಡಕೂಡದು; ಸಂಘ ಅವರ ಬೆನ್ನಿಗಿರಬೇಕು. ಪುರಸಭೆ ತನ್ನ ಕಾಮಗಾರಿಯ ಟೆಂಡರಿನಲ್ಲಿ ಈ ಖರ್ಚಿಗೆ ಬೇರೆ ಬಾಬತ್ತು ಬರೆದು ದಾರಿ ತೋರಬೇಕು.

ಸುಗ್ಗಿ ಬರುವ ಮುಂಚೆಯೇ ಈ ಮಾತು ಇತ್ಯರ್ಥವಾಗಲಿ. ಮುರಿದ ಕಬ್ಬಿಣವನ್ನು ಬೆಸೆಯಬಹುದು, ಹೋದ ಜೀವವನ್ನು ಬೆಸೆಯುವ ರಾಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.