ಗುಡ್ಡ ಜರಿಯುವ ಜಿಲ್ಲೆಯಲ್ಲಿ ತರಬೇತಿ ಯಾರಿಗೆ?

ವಿಪತ್ತು ನಿರ್ವಹಣಾ ತರಬೇತಿ ಅಂದರೆ ಹೇಗಿರುತ್ತದೆ ಗೊತ್ತುಂಟಲ್ಲ? ಸಭಾಭವನ, ಫ್ಯಾನು, ಉಪ್ಪಿಟ್ಟು-ಚಾ, ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ಉಪನ್ಯಾಸಕರು. ಎದುರಿಗೆ ತಹಶೀಲ್ದಾರರು, ಇಂಜಿನಿಯರುಗಳು, ಪಿಡಿಒಗಳು. ಸಂಜೆ ಸರ್ಟಿಫಿಕೇಟು, ಗ್ರೂಪ್ ಫೋಟೋ. ಮುಂದಿನ ಮಳೆಗಾಲದ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ವರ್ಗವಾಗಿ ಬೀದರಿಗೋ ಕೋಲಾರಕ್ಕೋ ಹೋಗಿರುತ್ತಾರೆ. ಕಲಿತದ್ದೂ ಅವರ ಜೊತೆ ಬಸ್ಸು ಹತ್ತುತ್ತದೆ.

ಉತ್ತರ ಕನ್ನಡದ ಗುಡ್ಡಗಳಿಗೆ ವರ್ಗಾವಣೆ ಇಲ್ಲ ಸ್ವಾಮೀ! 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡ, 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿ, 2024ರ ಜುಲೈ 16ರಂದು ಅಂಕೋಲೆಯ ಶಿರೂರು.

ಶಿರೂರಿನದ್ದೇ ತಗೊಳ್ಳಿ. ರಾಷ್ಟ್ರೀಯ ಹೆದ್ದಾರಿ 66. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ, ನಡುವೆ ಚಾದಂಗಡಿ, ಚಾ ಕುಡಿಯಲು ನಿಂತ ಲಾರಿಗಳು. ಬೆಳಿಗ್ಗೆ ಗುಡ್ಡ ಕುಸಿಯಿತು. ಚಾದಂಗಡಿಯ ಸಂಸಾರ ಹೋಯಿತು. ಅನಿಲ ಟ್ಯಾಂಕರ್ ಹೊಳೆಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ನೀರು ತೆರೆಯಂತೆ ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಗುಡ್ಡ ಈಚೆ, ಸಾವು ಆಚೆ! ಕೇರಳದ ಲಾರಿ ಚಾಲಕನ ದೇಹ ಲಾರಿ ಸಮೇತ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಸೇನೆ, ನೌಕಾಪಡೆ, ಎನ್‌ಡಿಆರ್‌ಎಫ್ ಎಲ್ಲ ಬಂದವು, ಆಗುವುದೆಲ್ಲ ಆದ ಮೇಲೆ.

ಅಂಥ ಬೆಳಿಗ್ಗೆ ಅಲ್ಲಿ ಇರುವವರು ಯಾರು? ಚಾದಂಗಡಿಯವರು, ಲಾರಿ ಕ್ಲೀನರು, ದೋಣಿಯವರು, ಪಂಚಾಯತಿ ವಾಟರ್‌ಮನ್. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ವಾಲಿದ್ದು, ಇಲ್ಲದ ಕಡೆ ರಾಡಿ ನೀರಿನ ಒರತೆ, ಹರಿಯುವ ಹಳ್ಳ ಗಕ್ಕನೆ ಇಳಿದದ್ದು ಕಂಡರೆ ಜಾಗ ಬಿಡಬೇಕು ಅಂತ ಇವರಿಗೆ ಹೇಳಿಕೊಡಬೇಕು. ಟ್ಯಾಂಕರಿನ ಅಡುಗೆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲೇ ಹರಡುತ್ತದೆ. ಒಲೆ ಆರಿಸಿ, ಗಾಳಿ ಬರುವ ಕಡೆ, ಎತ್ತರಕ್ಕೆ ಹೋಗಬೇಕು. ಇಷ್ಟಕ್ಕೆ ಪಿಎಚ್.ಡಿ. ಬೇಕಿಲ್ಲ, ಅರ್ಧ ತಾಸು ಸಾಕು.

ಕಾನೂನೇನೂ ಅಡ್ಡ ಬಂದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಉಂಟು. ನೌಕರರ ಜೊತೆ ಸ್ವಯಂಸೇವಕರಿಗೂ ತರಬೇತಿ ಕೊಡಬೇಕು, ಜಿಲ್ಲೆಯ ಯೋಜನೆಯನ್ನು ವರ್ಷಕ್ಕೊಮ್ಮೆ ತಿದ್ದಬೇಕು. ಅಪಾಯದ ಜಾಗದಲ್ಲಿ ವಾಹನ ತಡೆಯುವ ಅಧಿಕಾರವೂ ಅದಕ್ಕಿದೆ. ಆದರೆ ರಾತ್ರಿ ಎರಡು ಗಂಟೆಗೆ, ಧೋ ಅಂತ ಹೊಯ್ಯುವ ಮಳೆಯಲ್ಲಿ "ರಸ್ತೆ ಮುಚ್ಚಿ" ಅಂತ ಹೇಳುವವರು ಯಾರು? ಹಳ್ಳಿಯವನ ಫೋನು ಎತ್ತುವವರು ಯಾರು? ಅಭ್ಯಾಸ ಆಗಬೇಕಾದದ್ದು ಅದು.

ಕೇಂದ್ರದ 'ಆಪದ ಮಿತ್ರ' ಯೋಜನೆಯಲ್ಲಿ ಜನಸಾಮಾನ್ಯರಿಗೆ 12 ದಿನದ ತರಬೇತಿ ಇದೆ. ಒಳ್ಳೆಯದೇ. ಆದರೆ ವಯಸ್ಸು 18ರಿಂದ 40. ಐವತ್ತು ದಾಟಿದ ಹೋಟೆಲ್ ಯಜಮಾನರು ಅಲ್ಲಿಯೇ ಫೇಲು! ಮೇಲಾಗಿ 12 ದಿನ ಅಂಗಡಿ ಬಾಗಿಲು ಹಾಕಿ ಯಾರು ಹೋಗುತ್ತಾರೆ?

ಇದೇ ಜಿಲ್ಲೆಯ ಕೈಗಾದಲ್ಲಿ ಅಣುಸ್ಥಾವರದ ತುರ್ತು ಪರಿಸ್ಥಿತಿಗೆ ಅಣಕು ಕಾರ್ಯಾಚರಣೆ ನಡೆಯುತ್ತದೆ. ಬೇಕಾದದ್ದೇ. ಆದೀತು ಅನ್ನುವ ಅನಾಹುತಕ್ಕೆ ಅಷ್ಟು ಅಭ್ಯಾಸ ಇರುವಾಗ, ಮತ್ತೆ ಮತ್ತೆ ಆಗುತ್ತಿರುವ ಅನಾಹುತಕ್ಕೂ ಅಷ್ಟೇ ಇರಲಿ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ, ಆಷಾಢದ ಮಳೆಯಲ್ಲಿ, ರಾತ್ರಿ ಹೊತ್ತು, ಯಾರಿಗೂ ಮುಂಚೆ ಹೇಳದೆ ಒಂದು ಸಲ ಮಾಡಿ ನೋಡಲಿ. ಮೊದಲ ಫೋನು ಹೋಗಿ ರಸ್ತೆಗೆ ತಡೆ ಬೀಳುವುದಕ್ಕೆ ಎಷ್ಟು ನಿಮಿಷ ಹಿಡಿಯಿತು ಅಂತ ಲೆಕ್ಕ ಇಡಲು ನಾವು ಗಡಿಯಾರ, ಕೊಡೆ ಹಿಡಿದು ಬರುತ್ತೇವೆ.